ಉಜ್ಜುವ ಮೊದಲು ಅಳೆದು ತೋರಿಸಿ

ಮಾನ್ಯ ಸಂಪಾದಕರೇ,

ನಾನು ಮೂವತ್ತೊಂದು ವರ್ಷ ಮರದ ಸಾಮಾನಿಗೆ ಪಾಲಿಶ್ ಹಾಕಿದವನು. ಬಾಗಿಲು, ಮಂಚ, ದೇವರ ಮಂಟಪ, ಏನೇ ಬರಲಿ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿ ಉಂಡೆಗೆ ಬಟ್ಟೆ ಸುತ್ತಿ, ದಿನಗಟ್ಟಲೆ ತಿಕ್ಕಿದ ಕೈ ಇದು. ಹೊಳಪು ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ ಅನ್ನುವ ಜಂಬ ಇತ್ತು. ಒಂದು ಕಪ್ಪು ಕಾರು ಅದನ್ನು ಇಳಿಸಿತು.

ಕಾರು ಸೆಕೆಂಡ್ ಹ್ಯಾಂಡ್. ಮಗಳು ಬಣ್ಣ ನೋಡಿಯೇ ಒಪ್ಪಿದ್ದು. ಮಾರಿದವರು "ಒಂದು ಗೀರೂ ಬಿದ್ದಿಲ್ಲ ಸಾರ್" ಅಂದರು. ನಂಬಿದೆ.

2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂತಲ್ಲ, ಆಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಿತು. ಸರಿಯಾದ ಆದೇಶವೇ. ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆದದ್ದು ಬೇರೆ. ಕಾರು ಒರೆಸುವ ಹುಡುಗನಿಗೆ ಒಂದು ಬಕೆಟ್ ಬೋರ್‌ವೆಲ್ ನೀರು, ಒಂದು ಬಟ್ಟೆ, ಹನ್ನೆರಡು ಕಾರು. ನಮ್ಮ ಬೋರ್‌ವೆಲ್ ನೀರು ಎಷ್ಟು ಗಡಸು ಅಂದರೆ ಗೀಸರ್ ಕಾಯಿಲ್ ವರ್ಷಕ್ಕೊಮ್ಮೆ ಹೋಗುತ್ತದೆ. ಆ ನೀರು ಬಿಸಿಲಿಗೆ ಆರಿದ ಕಡೆಯೆಲ್ಲ ಕ್ಯಾಲ್ಸಿಯಂನ ಬಿಳಿ ಉಂಗುರ. ಹನ್ನೆರಡನೇ ಕಾರು ಹೊತ್ತಿಗೆ ಬಟ್ಟೆಯಲ್ಲಿ ಹನ್ನೊಂದು ಕಾರಿನ ಮಣ್ಣು. ಹುಡುಗನನ್ನು ಬೈಯಲು ನನಗೆ ಬಾಯಿಲ್ಲ. ಅವನು ಬಾರದ ದಿನ ನಾನೇ ಒಣ ಬಟ್ಟೆಯಲ್ಲಿ ಧೂಳು ಒರೆಸುತ್ತಿದ್ದೆ. ಮರಕ್ಕೆ ಎಮರಿ ಪೇಪರ್ ತಿಕ್ಕಿದವನಿಗೆ ಧೂಳೂ ಒಂದು ಎಮರಿ ಅಂತ ಹೊಳೆಯಲಿಲ್ಲ ನೋಡಿ!

ಒಂದು ಬೆಳಿಗ್ಗೆ ಬಿಸಿಲಿನಲ್ಲಿ ಬಾನೆಟ್ ನೋಡಿದೆ. ಜೇಡರ ಬಲೆ ಕಟ್ಟಿದ ಹಾಗೆ ಸಾವಿರ ಗೀರು. ಪಕ್ಕದ ಮನೆಯ ಬಿಳಿ ಕಾರಿಗೂ ಅದೇ ಬಟ್ಟೆ, ಅದೇ ಗೀರು. ಬಿಳಿಯಲ್ಲಿ ಕಾಣುವುದಿಲ್ಲ, ಅಷ್ಟೇ. ಕಪ್ಪು ಕನ್ನಡಿ ಇದ್ದ ಹಾಗೆ, ಪ್ರತಿ ಗೀರೂ ಬೆಳಕನ್ನು ಹಿಡಿದು ತೋರಿಸುತ್ತದೆ.

ಮೊದಲು ಹೋದ ಅಂಗಡಿಯಲ್ಲಿ 'ರಬ್ಬಿಂಗ್ ಪಾಲಿಶ್' ಅಂತ 1,800 ರೂಪಾಯಿ ತೆಗೆದುಕೊಂಡರು. ಜೋರಾಗಿ ತಿರುಗುವ ಮೆಷಿನ್, ಅದಕ್ಕೊಂದು ಉಣ್ಣೆಯ ಪ್ಯಾಡ್, ಒಂದೂವರೆ ಗಂಟೆ ಕೆಲಸ. ಕಾರು ಫಳಫಳ. ಮೂರು ವಾರದಲ್ಲಿ ನಾಲ್ಕು ಸಲ ತೊಳೆದ ಮೇಲೆ ಹಳೆಯ ಗೀರೆಲ್ಲ ವಾಪಸ್. ಜೊತೆಗೆ ಮೆಷಿನ್ ತಿರುಗಿದ ಅಲೆ ಅಲೆಯ ಗುರುತು ಹೊಸದಾಗಿ. ಗೀರು ತೆಗೆದಿರಲಿಲ್ಲ, ಎಣ್ಣೆಯಂಥದ್ದು ತುಂಬಿ ಮುಚ್ಚಿದ್ದರು. ನಮ್ಮ ಕಸುಬಿನಲ್ಲೂ ಇದುಂಟು. ಗೀರಿಗೆ ಮೇಣ ತುಂಬಿ ಗಿರಾಕಿಯನ್ನು ಸಾಗಹಾಕುವುದು. ನಾನೂ ಒಂದೆರಡು ಸಲ ಮಾಡಿದ್ದೇನೆ, ಸುಳ್ಳು ಹೇಳಲಾರೆ.

ಎರಡನೆಯದು ಒಬ್ಬ ಯುವಕನ ಸಣ್ಣ ಶೆಡ್. ಅವನು ಮೊದಲ ಅರ್ಧ ಗಂಟೆ ಮೆಷಿನ್ ಮುಟ್ಟಲೇ ಇಲ್ಲ. ಮೊಬೈಲಿನಷ್ಟು ದೊಡ್ಡ ಮೀಟರ್ ಹಿಡಿದು ಕಾರಿನ ಸುತ್ತ ಒತ್ತಿ ಒತ್ತಿ ಬರೆದುಕೊಂಡ. ಪೇಂಟಿನ ದಪ್ಪ ಅಳೆಯುವ ಮೀಟರ್ ಅದು. ಲೆಕ್ಕ ಮೈಕ್ರಾನ್‌ನಲ್ಲಿ, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕಂಪನಿ ಪೇಂಟು ಎಲ್ಲ ಪದರ ಸೇರಿ ಸಾಮಾನ್ಯವಾಗಿ ನೂರು, ನೂರಿಪ್ಪತ್ತರ ಆಸುಪಾಸು. ಅದರಲ್ಲಿ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, ನಲವತ್ತೋ ಐವತ್ತೋ. ತಲೆಗೂದಲಿಗಿಂತ ತೆಳು. ಗೀರು ಬೀಳುವುದು ಅದರಲ್ಲೇ, ಪಾಲಿಶ್ ಮಾಡುವಾಗ ಸವೆಯುವುದೂ ಅದೇ. ವಿನೀರ್, ಅಂದರೆ ಪ್ಲೈವುಡ್ ಮೇಲೆ ಅಂಟಿಸುವ ತೆಳು ಮರದ ಹಾಳೆ, ಅದನ್ನು ಉಜ್ಜಿ ಉಜ್ಜಿ ಕೆಳಗಿನ ಪ್ಲೈವುಡ್ ಇಣುಕಿದ್ದನ್ನು ನೋಡಿದವನಿಗೆ ಇನ್ನೇನು ಹೇಳಬೇಕು?

ಟಾಪ್ 118, ಬಾನೆಟ್ 96. ಹಿಂದಿನ ಎಡ ಬಾಗಿಲು 310! "ಅಂಕಲ್, ಇದಕ್ಕೆ ಟಿಂಕರಿಂಗ್ ಆಗಿದೆ, ಪುಟ್ಟಿ ಇದೆ ಒಳಗೆ" ಅಂದ. ಒಂದು ಗೀರೂ ಬಿದ್ದಿರದ ಕಾರು. ಬಾನೆಟ್ ಅಂಚಿನಲ್ಲಿ ಬರೀ 71. ಮೊದಲ ಅಂಗಡಿಯ ಕೃಪೆ ಇರಬೇಕು. "ಇಲ್ಲಿ ನಾನು ಮುಟ್ಟಲ್ಲ" ಅಂತ ಅಂಚಿಗೆ ಟೇಪ್ ಹಚ್ಚಿದ. ಬಂಪರ್ ಪ್ಲಾಸ್ಟಿಕ್, ಅವನ ಮೀಟರಿಗೆ ಸಿಗುವುದಿಲ್ಲ. ಅಲ್ಲಿ ಕೈ ಹಗುರ ಮಾಡಿದ.

ಕೆಲಸ ಎರಡು ದಿನ ಹಿಡಿಯಿತು. ತೊಳೆದು, ಬ್ರೇಕಿನಿಂದ ಹಾರಿ ಕೂತ ಕಬ್ಬಿಣದ ಪುಡಿಗೆ ಒಂದು ದ್ರಾವಣ ಸಿಂಪಡಿಸಿದ. ಕಾರಿನ ಮೈಯಿಂದ ನೇರಳೆ ಬಣ್ಣ ಇಳಿಯಿತು, ನೇರಳೆಹಣ್ಣು ಹಿಂಡಿದ ಹಾಗೆ. ಆಮೇಲೆ ಜೇಡಿಮಣ್ಣಿನಂಥ ಉಂಡೆಯಲ್ಲಿ ನಯವಾಗಿ ಸವರಿದ. ಒಂದು ಗೇಣು ಜಾಗದಲ್ಲಿ ಪರೀಕ್ಷೆ ಮಾಡಿ, ಯಾವ ಪ್ಯಾಡ್ ಸಾಕು ಅಂತ ನೋಡಿಕೊಂಡೇ ಮುಂದೆ ಹೋದದ್ದು. ಇವನ ಮೆಷಿನ್ ತಿರುಗುತ್ತಲೇ ಓಲಾಡುತ್ತದೆ, ಪೇಂಟು ಒಂದೇ ಕಡೆ ಬಿಸಿಯಾಗುವುದು ಕಡಿಮೆ. ಕೊನೆಗೆ ಸ್ಪಿರಿಟ್ಟಿನಲ್ಲಿ ಒರೆಸಿ, ಎಲ್‌ಇಡಿ ದೀಪ ಹಿಡಿದು ತೋರಿಸಿದ. ಎಣ್ಣೆ ಏನಾದರೂ ಗೀರು ಮುಚ್ಚಿದ್ದರೆ ಅಲ್ಲೇ ಗೊತ್ತಾಗಬೇಕು ಅಂತ. ಆ ಸ್ಪಿರಿಟ್ ವಾಸನೆಗೇ ನಾನು ಅರ್ಧ ಸೋತುಹೋದೆ.

ಬಾನೆಟ್ 96 ಇದ್ದದ್ದು 93 ಆಯಿತು. ಬಲೆ ಹೋಯಿತು, ಆಕಾಶ ಕಂಡಿತು. ಎಲ್ಲವೂ ಹೋಗಲಿಲ್ಲ. ಟಾಪಿನ ಮೇಲೆ ಹಕ್ಕಿ ಹಿಕ್ಕೆ ಬಿಸಿಲಿಗೆ ಬೆಂದು ತಿಂದ ಕಲೆ ಉಳಿದಿದೆ. ಉಗುರು ಸಿಕ್ಕುವಷ್ಟು ಆಳದ ಒಂದು ಗೀರನ್ನು ಪಾಲಿಶ್ ತೆಗೆಯಲ್ಲ ಅಂತ ಮೊದಲೇ ಹೇಳಿದ್ದ. ಖರ್ಚು 8,500. ಕಡಿಮೆಯೇನಲ್ಲ.

ಕೋಟಿಂಗ್, ಅಂದರೆ ಪೇಂಟಿನ ಮೇಲೆ ಬಳಿಯುವ ರಕ್ಷಣೆಯ ಪದರ, ಹಾಕಿಸಿ ಅಂತ ಅವನು ಪೀಡಿಸಲಿಲ್ಲ. ಫೋನಿನಲ್ಲಿ ವಿಚಾರಿಸಿದ ಬೇರೆ ಕಡೆ 25,000 ಹೇಳಿದ್ದರು, "9ಎಚ್ ಸಾರ್, ವಜ್ರದ ಥರ ಗಟ್ಟಿ" ಅಂದಿದ್ದರು. 9ಎಚ್ ಪೆನ್ಸಿಲ್ ಕಡ್ಡಿಯ ಗಡಸುತನದ ಲೆಕ್ಕ. ವಜ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಕೋಟಿಂಗ್ ಇದ್ದರೆ ಕೊಳೆ ಬೇಗ ಬಿಡುತ್ತದೆ, ತೊಳೆಯುವುದು ಸುಲಭ, ಒಪ್ಪೋಣ. ಮಣ್ಣಿನ ಬಟ್ಟೆಯಲ್ಲಿ ಒರೆಸಿದರೆ ಅದೂ ಗೀರುತ್ತದೆ.

ಕಾರು ಪಾಲಿಶ್ ಮಾಡುವ ಅಂಗಡಿಯವರಲ್ಲಿ ನನ್ನ ಕೋರಿಕೆ ಒಂದೇ: ಕೆಲಸದ ಮೊದಲು ಮತ್ತು ಆಮೇಲೆ ಪೇಂಟಿನ ದಪ್ಪ ಎಷ್ಟಿತ್ತು ಅಂತ ಬಿಲ್ಲಿನಲ್ಲಿ ಬರೆದುಕೊಡಿ. ಗಿರಾಕಿಗಳೂ ಕೇಳಿ, ಸುಮ್ನೆ ಹೊಳಪು ನೋಡಿ ದುಡ್ಡು ಕೊಡಬೇಡಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಗ ಹುಡುಗನಿಗೆ ಎರಡು ಬಕೆಟ್, ಕಾರಿಗೊಂದು ಮೈಕ್ರೋಫೈಬರ್ ಬಟ್ಟೆ ಕೊಟ್ಟಿದ್ದೇವೆ. ಮಳೆಗಾಲದಲ್ಲಿ ಟೆರೇಸಿನ ಮಳೆನೀರು ಹಿಡಿದು ಅದರಲ್ಲೇ ಒರೆಸುತ್ತಾನೆ. ಬಿಳಿ ಉಂಗುರ ಇಲ್ಲ. ಸಂಬಳ ಕಾರಿಗೆ 500 ಇದ್ದದ್ದನ್ನು ಜಾಸ್ತಿ ಮಾಡುವ ಮಾತು ಮಾತ್ರ ಮೂರು ಮೀಟಿಂಗ್‌ನಿಂದ ಹಾಗೇ ಇದೆ.

ಆ ಯುವಕ ಅಳತೆ ಬರೆದುಕೊಟ್ಟ ಚೀಟಿಯನ್ನು ಆರ್‌ಸಿ ಜೊತೆ ಇಟ್ಟಿದ್ದೇನೆ. ಕಾರು ಮಾರುವಾಗ ಕೊಳ್ಳುವವರ ಕೈಗೇ ಕೊಡುತ್ತೇನೆ, ಹಿಂದಿನ ಬಾಗಿಲಿನ 310 ಸಮೇತ.

— ನಿವೃತ್ತ ಮರದ ಪಾಲಿಶ್ ಕೆಲಸಗಾರ, ರಾಜಾಜಿನಗರ, ಬೆಂಗಳೂರು