ಗೆಳೆಯನಿಗೊಂದು ಪತ್ರ: ಕಡಲ ತೀರದ ಸಣ್ಣ ಹೋಟೆಲ್ ಬುಕ್ ಮಾಡುವ ಮುಂಚೆ

ಪ್ರೀತಿಯ ಗೆಳೆಯ,

ನೀನು ಕಳಿಸಿದ ಎರಡೂ ಹೋಟೆಲ್‌ಗಳ ಫೋಟೊ ನೋಡಿದೆ. ಯಾವುದು ಅಂತ ಕೇಳಿದ್ದೀಯ. ನನ್ನ ಓಟು ಎರಡನೆಯದಕ್ಕೆ. ಹೌದು, ದಡದಿಂದ ಒಂದು ಬೀದಿ ಹಿಂದೆ ಇರುವ ಆ ಹಳೇ ಕಟ್ಟಡಕ್ಕೇ. ಮೊದಲನೆಯದರ ಬಾಲ್ಕನಿ, ಬಿಳಿ ಪರದೆ, ಅದರಾಚೆಯ ನೀಲಿ ನೋಡಿ ನಿನ್ನ ಮನಸ್ಸು ಜಾರಿದೆ ಅಂತ ಗೊತ್ತು. ಆದರೆ ನೀನು ಹೋಗುತ್ತಿರುವುದು ಕಡಲಿಗಾಗಿ. ಅದು ಎರಡೂ ಹೋಟೆಲಿನವರಿಗೆ ಒಂದೇ, ಅದೂ ಪುಕ್ಕಟೆ. ಹೋಟೆಲಿನಿಂದ ನಿನಗೆ ಬೇಕಾಗಿರುವುದು ಒಳ್ಳೆ ನಿದ್ದೆ, ಉಪ್ಪು ತೊಳೆದುಕೊಳ್ಳಲು ಸ್ನಾನ, ಒದ್ದೆ ಬಟ್ಟೆ ಒಣಗಲು ಒಂದಿಷ್ಟು ಜಾಗ. ಇಷ್ಟು ಸರಿ ಇದ್ದರೆ ಸಾಕು. ಇವ್ಯಾವುವೂ ಫೋಟೊದಲ್ಲಿ ಕಾಣುವುದಿಲ್ಲ, ಅದೇ ತೊಂದರೆ.

ಸೀ ವ್ಯೂ ರೂಮಿಗೆ ಎಷ್ಟು ಜಾಸ್ತಿ ಕೇಳುತ್ತಿದ್ದಾರೆ ನೋಡು. ಬೆಳಿಗ್ಗೆ ಎದ್ದರೆ ನೀವು ದಡದಲ್ಲಿ ಇರುತ್ತೀರಿ. ಮಧ್ಯಾಹ್ನ ರೂಮಿಗೆ ಬಂದರೆ ಪರದೆ ಎಳೆದು ಮಲಗುತ್ತೀರಿ. ಸಂಜೆ ಮತ್ತೆ ದಡ. ರಾತ್ರಿ ಕಿಟಕಿಯಾಚೆ ಬರೀ ಕತ್ತಲು. ಇನ್ನು ಪಾರ್ಷಿಯಲ್ ಸೀ ವ್ಯೂ ಅಂತ ಬರೆದಿದ್ದರೆ ಬಾಲ್ಕನಿಯ ಮೂಲೆಯಲ್ಲಿ ನಿಂತು ಕತ್ತು ಚಾಚಬೇಕು, ಪಕ್ಕದ ಕಟ್ಟಡದ ನೀರಿನ ಟ್ಯಾಂಕಿನ ಸಂದಿಯಲ್ಲಿ ಒಂಚೂರು ನೀಲಿ ಕಂಡರೆ ನಿನ್ನ ಪುಣ್ಯ. ಆದರೆ ಅಮ್ಮ ಬರುತ್ತಿದ್ದಾರೆ ಅಂದೆಯಲ್ಲ, ಅವರ ಮಂಡಿನೋವು ಈಗ ಹೇಗಿದೆ? ಮರಳಲ್ಲಿ ನಡೆಯಲು ಆಗುವುದಿಲ್ಲ, ದಿನವಿಡೀ ರೂಮಿನಲ್ಲೇ ಕೂತಿರುತ್ತಾರೆ ಅನ್ನುವ ಹಾಗಿದ್ದರೆ ನನ್ನ ಮಾತು ಪಕ್ಕಕ್ಕಿಡು. ಅವರಿಗಾಗಿ ಆ ಕಿಟಕಿಗೆ ದುಡ್ಡು ಕೊಡು. ಕೊಟ್ಟದ್ದು ದಂಡವಾಗುವುದಿಲ್ಲ.

ಕಿಟಕಿ ಯಾವ ದಿಕ್ಕಿಗಿದೆ ಅನ್ನುವುದನ್ನು ಮಾತ್ರ ಮರೆಯದೆ ಕೇಳು. ದಡ ಪಡುವಣಕ್ಕಿದ್ದರೆ ಕಡಲ ಕಡೆಯ ರೂಮಿಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತದೆ. ಗೋಡೆ ಕಾದು, ಆ ಕಾವು ರಾತ್ರಿಯವರೆಗೂ ಇಳಿಯುವುದಿಲ್ಲ. ಮೂಡಣಕ್ಕಿದ್ದರೆ ಬೆಳಗಾಗುತ್ತಲೇ ಕಣ್ಣಿಗೆ ಬಿಸಿಲು. ಪರದೆ ತೆಳುವಾಗಿದ್ದರೆ ಪುಟ್ಟಿ ಆಗಲೇ ಎದ್ದು ಎಲ್ಲರನ್ನೂ ಎಬ್ಬಿಸುತ್ತಾಳೆ. ಗಾಳಿಗೂ ಲೆಕ್ಕ ಇದೆ. ಹಗಲು ನೆಲ ಬೇಗ ಕಾಯುತ್ತದೆ, ನೀರು ನಿಧಾನಕ್ಕೆ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದ ಹಾಗೆ ಕಡಲ ಕಡೆಯಿಂದ ತಂಪು ಗಾಳಿ ಒಳಗೆ ಬರುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಗಾಳಿ ಉಲ್ಟಾ ತಿರುಗುತ್ತದೆ. ಎದುರುಬದುರು ಎರಡು ಕಿಟಕಿ ಇರುವ ರೂಮು ಸಿಕ್ಕರೆ ಫ್ಯಾನಿನಲ್ಲೇ ಕಳೆಯಬಹುದು, ಎಸಿಗೆ ಸುಮ್ನೆ ಕೊಡುವುದು ಬೇಡ. ನಾನು ಹೇಳುತ್ತಿರುವ ಹಳೇ ಹೋಟೆಲಿಗೆ ಇಲ್ಲೇ ಒಂದು ಕೊರತೆ ಇರಬಹುದು. ಮುಂದಿನ ಸಾಲಿನ ಎತ್ತರದ ಕಟ್ಟಡಗಳು ಗಾಳಿಯನ್ನು ತಡೆದುಬಿಡುತ್ತವೆ. ಮ್ಯಾಪಿನಲ್ಲಿ ಸ್ಯಾಟಲೈಟ್ ಚಿತ್ರ ತೆಗೆದು ನೋಡು, ಎದುರಿಗೆ ಖಾಲಿ ಜಾಗ ಇದ್ದರೆ ಅದೃಷ್ಟ.

ಯಾವ ಮಹಡಿ ಅನ್ನುವುದು ಇನ್ನೊಂದು ಪೇಚಾಟ. ತೀರಾ ಮೇಲಿನದ್ದಾದರೆ ತಾರಸಿಯ ಕಾವು, ಲಿಫ್ಟ್ ಇಲ್ಲದಿದ್ದರೆ ಅಮ್ಮನಿಗೆ ಮೆಟ್ಟಿಲು. ನೆಲ ಅಂತಸ್ತಾದರೆ ತೇವ, ಹೋಗುವವರು ಬರುವವರ ಚಪ್ಪಲಿ ಸದ್ದು, ಕಿಟಕಿ ತೆರೆದಿಡಲು ಹಿಂಜರಿಕೆ. ನನ್ನ ಕೇಳಿದರೆ ಮೊದಲನೇ ಮಹಡಿ. ಒಂದೇ ಸುತ್ತು ಮೆಟ್ಟಿಲು, ಅಮ್ಮ ಮೆಟ್ಟಿಲ ಪಕ್ಕದ ಕೈಹಿಡಿ ಹಿಡಿದು ನಿಧಾನಕ್ಕೆ ಹತ್ತುತ್ತಾರೆ. ಕೈಹಿಡಿ ಇದೆಯಾ ಅಂತಲೂ ಕೇಳಿಬಿಡು, ಸಂಕೋಚ ಬೇಡ.

"ಬೀಚಿಗೆ ಐದೇ ನಿಮಿಷ" ಅನ್ನುವುದನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಹಕ್ಕಿ ಹಾರುವ ದಾರಿಯ ಲೆಕ್ಕ ಅದು. ನಡುವೆ ದೊಡ್ಡ ರಸ್ತೆ ಇರಬಹುದು, ರೈಲು ಹಳಿ ಇರಬಹುದು, ಯಾರದೋ ಕಾಂಪೌಂಡ್ ಸುತ್ತಿ ಹೋಗಬೇಕಾಗಬಹುದು. ಮ್ಯಾಪಿನಲ್ಲಿ ನಡೆದು ಹೋಗುವ ದಾರಿ ಹಾಕಿ ನೋಡು. ಹೋಗುವಾಗಿನ ಉತ್ಸಾಹ ಬೇರೆ. ಬರುವಾಗ ಒದ್ದೆ ಬಟ್ಟೆ, ಬೆರಳ ಸಂದಿಯಲ್ಲಿ ಮರಳು, ಹೆಗಲ ಮೇಲೆ ನಿದ್ದೆಗಣ್ಣಿನ ಮಗು. ಆ ನಡಿಗೆಯನ್ನು ಲೆಕ್ಕಕ್ಕೆ ಹಿಡಿ.

ಇಷ್ಟಾದ ಮೇಲೆ ಫೋನ್ ಮಾಡು. ಆ್ಯಪಿನಲ್ಲಿ ಬುಕ್ ಮಾಡಿದರೂ ಸರಿ, ಅದಕ್ಕೆ ಮುಂಚೆ ಒಂದು ಸಲ ಹೋಟೆಲಿಗೇ ಫೋನ್. ಬೆಳಿಗ್ಗೆ ಬೇಡ, ಆಗ ರೂಮು ಖಾಲಿ ಮಾಡುವವರ ಬಿಲ್ಲಿನ ಗಡಿಬಿಡಿ. ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಮಾಡಿದರೆ ಕೌಂಟರಿನಲ್ಲಿರುವವರಿಗೂ ಮಾತಾಡಲು ಪುರುಸೊತ್ತು. "ರೂಮು ಚೆನ್ನಾಗಿದೆಯಾ" ಅಂತ ಕೇಳಬೇಡ, ಇಲ್ಲ ಅಂತ ಯಾರು ಹೇಳುತ್ತಾರೆ? ರೂಮಿನ ಕೆಳಗೆ ಏನಿದೆ, ಕಿಟಕಿಯ ಹಿಂದೆ ಏನಿದೆ ಅಂತ ಕೇಳು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು, ಜನರೇಟರು, ಬಾರು, ಪಾರ್ಟಿ ಹಾಲು, ಇವುಗಳಲ್ಲಿ ಯಾವುದಾದರೂ ಒಂದು ಗೋಡೆಯಾಚೆ ಇದ್ದರೆ ನಿದ್ದೆಗೆ ಎಳ್ಳುನೀರು. ನಾನೊಂದು ಕಡೆ ಹೀಗೇ ಕೇಳಿದಾಗ ಆ ಮನುಷ್ಯ ಒಂದು ಗಳಿಗೆ ಸುಮ್ಮನಿದ್ದು, "ಸರ್, ನಿಮಗೆ ನಿದ್ದೆ ಮುಖ್ಯ ಅಂದರೆ ಹಿಂದಿನ ಕಡೆ ಕೊಡ್ತೀನಿ, ವ್ಯೂ ಇಲ್ಲ, ಮರ ಇದೆ" ಅಂದರು. ಅಂಥ ಉತ್ತರ ಬಂತು ಅಂದರೆ ಕಣ್ಣು ಮುಚ್ಚಿ ಬುಕ್ ಮಾಡಬಹುದು. ಕೇಳಿದ್ದಕ್ಕೆಲ್ಲ "ಎಲ್ಲಾ ಇದೆ, ಬನ್ನಿ ಬನ್ನಿ" ಅನ್ನುವವರ ಬಗ್ಗೆ ನನಗೆ ಸ್ವಲ್ಪ ಅನುಮಾನವೇ.

ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಅಂತ ಕೇಳು. ಕೊನೆಯ ದಿನದ ಬಗ್ಗೆಯೂ ಕೇಳು, ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ರೂಮು ಬೆಳಿಗ್ಗೆಯೇ ಬಿಡಬೇಕು, ನಿಮ್ಮ ಗಾಡಿ ಇರುವುದು ರಾತ್ರಿಗೆ. ನಡುವಿನ ಹೊತ್ತು ಬ್ಯಾಗು ಎಲ್ಲಿಡುವುದು? ಕಡೇ ಸಲ ನೀರಿಗಿಳಿದು ಬಂದರೆ ಮೈ ತೊಳೆಯಲು ಎಲ್ಲಾದರೂ ಒಂದು ಬಚ್ಚಲು ಸಿಗುತ್ತದಾ? ಮೈಗೆ ಉಪ್ಪು ಅಂಟಿಸಿಕೊಂಡು ರಾತ್ರಿಯಿಡೀ ಪ್ರಯಾಣ ಮಾಡುವುದು ಶತ್ರುವಿಗೂ ಬೇಡ. ಸಣ್ಣ ಹೋಟೆಲಿನವರು ಇದಕ್ಕೆಲ್ಲ ದೊಡ್ಡವರಿಗಿಂತ ಬೇಗ ಒಪ್ಪುತ್ತಾರೆ, ಮೊದಲೇ ಹೇಳಿದ್ದರೆ.

ಫೋನಿನಲ್ಲಿ ಮಾತಾಡಿದ್ದನ್ನು ಮೆಸೇಜಿನಲ್ಲಿ ಹಾಕಿಸಿಕೋ. ತಾರೀಖು, ಯಾವ ರೂಮು, ತೆರಿಗೆ ಸೇರಿ ಎಷ್ಟು, ತಿಂಡಿ ಸೇರಿದೆಯಾ, ಮಗುವಿಗೆ ಬೇರೆ ಹಾಸಿಗೆ ಬೇಕಾದರೆ ಎಷ್ಟು, ಅಡ್ವಾನ್ಸ್ ಎಷ್ಟು ಕೊಟ್ಟಿದ್ದೀಯ, ಯಾವತ್ತಿನೊಳಗೆ ಬೇಡ ಅಂದರೆ ಎಷ್ಟು ವಾಪಸ್. ಇದರಲ್ಲಿ ಕೊನೆಯದು ಮುಖ್ಯ. ಕಡಲ ತೀರದ ಹವಾಮಾನವನ್ನು ಹೀಗೇ ಅಂತ ಹೇಳಲು ಬರುವುದಿಲ್ಲ, ಬಿರುಗಾಳಿ ಬಂತು ಅಂದರೆ ದಡಕ್ಕೆ ಇಳಿಯುವುದಕ್ಕೇ ಬಿಡುವುದಿಲ್ಲ.

ರಿವ್ಯೂ ಓದುವಾಗ ಐದು ಸ್ಟಾರಿನವನ್ನೂ ಒಂದು ಸ್ಟಾರಿನವನ್ನೂ ಬಿಡು. ಮೂರು ಸ್ಟಾರ್ ಕೊಟ್ಟವರು ಸಾಮಾನ್ಯವಾಗಿ ಇದ್ದದ್ದನ್ನು ಇದ್ದ ಹಾಗೆ ಬರೆದಿರುತ್ತಾರೆ. ಹೋಟೆಲಿನವರು ಹಾಕಿದ ಫೋಟೊಗಿಂತ ಉಳಿದುಕೊಂಡವರು ತೆಗೆದ ಫೋಟೊ ನೋಡು, ಅದರಲ್ಲೂ ಬಚ್ಚಲಿನದು. ಕಿಟಕಿ ಸರಳಿನಲ್ಲಿ ತುಕ್ಕು, ನಲ್ಲಿಯ ಬುಡದಲ್ಲಿ ಬಿಳಿ ಕಲೆ, ಉಬ್ಬಿ ಬಿಗಿಯಾದ ಬಾಗಿಲು, ಇವಕ್ಕೆ ಮೂಗು ಮುರಿಯಬೇಡ. ಉಪ್ಪುಗಾಳಿ ಕಬ್ಬಿಣವನ್ನು ಬಿಡುವುದಿಲ್ಲ. ಎಷ್ಟೇ ಚೊಕ್ಕಟವಾಗಿಟ್ಟರೂ ದಡದ ಕಟ್ಟಡ ಬೇಗ ಹಳೆಯದಾಗಿ ಕಾಣುತ್ತದೆ. ಆದರೆ ಗೋಡೆ ಮೂಲೆಯಲ್ಲಿ ಕಪ್ಪು ಬೂಜು ಕಂಡರೆ, ಮುಗ್ಗಲು ವಾಸನೆ ಅಂತ ಇಬ್ಬರು ಮೂವರು ಬರೆದಿದ್ದರೆ, ಆ ಹೋಟೆಲು ಬೇಡ. ಪುಟ್ಟಿಗೆ ಉಬ್ಬಸ ಬೇರೆ ಇದೆಯಲ್ವಾ.

ಈಗ ತಾರೀಖಿನ ವಿಷಯ. ರಜೆಯ ಗದ್ದಲ ಮುಗಿದ ಕೂಡಲೇ ಹೋಗು ಅಂತ ನನ್ನ ಸಲಹೆ. ದರ ಇಳಿದಿರುತ್ತದೆ, ಅಂಗಡಿಗಳು ಇನ್ನೂ ಮುಚ್ಚಿರುವುದಿಲ್ಲ. ನೀರೂ ಬೆಚ್ಚಗೇ ಇರುತ್ತದೆ, ಯಾಕಂದರೆ ಕಡಲು ನಿಧಾನಕ್ಕೆ ಕಾಯುವ ಹಾಗೆ ನಿಧಾನಕ್ಕೇ ತಣ್ಣಗಾಗುವುದು. ಸೀಸನ್ ಅಲ್ಲದಾಗ ಯಾರು ಹೋಗುತ್ತಾರೆ ಅಂತ ನಗಬೇಡ. ಕಡಲ ತೀರದ ವಿಹಾರ ಶುರುವಾದದ್ದೇ ಔಷಧಿ ಅಂತ. 1750ರ ದಶಕದಲ್ಲಿ ಇಂಗ್ಲೆಂಡಿನ ಡಾಕ್ಟರ್ ರಿಚರ್ಡ್ ರಸೆಲ್ ರೋಗಿಗಳಿಗೆ ಕಡಲ ನೀರಲ್ಲಿ ಮುಳುಗಿ ಏಳಿ ಅಂದದ್ದಲ್ಲದೆ ಅದನ್ನು ಕುಡಿಯಲೂ ಹೇಳಿದ. ಅವನು ಹೋಗಿ ನೆಲೆಸಿದ ಮೀನುಗಾರರ ಊರೇ ಮುಂದೆ ಬ್ರೈಟನ್ ಅನ್ನುವ ಹೆಸರಾಂತ ವಿಹಾರದ ಊರಾಯಿತು. ನೀನು ಕುಡಿಯಲು ಹೋಗಬೇಡ, ಅಷ್ಟೇ.

ಅಲ್ಲಿಯ ಉಬ್ಬರ ಇಳಿತದ ವೇಳಾಪಟ್ಟಿ ನೋಡಿಯೇ ದಿನ ಗೊತ್ತು ಮಾಡು. ಹೆಚ್ಚಿನ ಕಡೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಮೆಡಿಟರೇನಿಯನ್‌ನಂಥ ಕಡೆ ಏರಿಳಿತ ಗೊತ್ತೇ ಆಗುವುದಿಲ್ಲ, ಕೆನಡಾದ ಫಂಡಿ ಕೊಲ್ಲಿಯಲ್ಲಿ 16 ಮೀಟರ್ ತನಕ ಏರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ಏರಿಳಿತ ಜಾಸ್ತಿ. ಆಗ ಇಳಿತದಲ್ಲಿ ಅಗಲವಾದ ಮರಳು ಸಿಗುತ್ತದೆ, ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ಸಣ್ಣ ಮೀನು ಕಾಣುತ್ತವೆ, ಪುಟ್ಟಿಗೆ ಅದೇ ಹಬ್ಬ. ಆದರೆ ಬಂಡೆ ಸುತ್ತಿ ಆಚೆ ಹೋದರೆ ವಾಪಸ್ ಬರುವ ದಾರಿ ಮುಳುಗಿರಬಹುದು. ನೀರು ಏರುವ ಆರು ಗಂಟೆಯಲ್ಲಿ ನಡುವಿನ ಎರಡು ಗಂಟೆಯಲ್ಲೇ ಹೆಚ್ಚುಕಮ್ಮಿ ಅರ್ಧದಷ್ಟು ಏರಿಬಿಡುತ್ತದೆ.

ಹೋಟೆಲಿನ ವಿಷಯ ಬಿಟ್ಟು ಎಲ್ಲಿಗೋ ಬಂದೆ ಅನ್ನಬೇಡ, ಇದೂ ಹೋಟೆಲ್ ಆರಿಸುವುದಕ್ಕೇ ಸೇರಿದ್ದು. ಲೈಫ್‌ಗಾರ್ಡ್ ಇರುವ ದಡದ ಹತ್ತಿರ ರೂಮು ಹಿಡಿ. ಖಾಲಿ ದಡ, ಒಂಟಿ ಹೋಟೆಲು ಫೋಟೊಗೆ ಚೆಂದ, ಮಗು ಕರೆದುಕೊಂಡು ಹೋಗುವವರಿಗೆ ಅಲ್ಲ. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟ ನೆಟ್ಟಿದ್ದರೆ ಅವುಗಳ ನಡುವೆ ಮಾತ್ರ ನೀರಿಗಿಳಿಯಬೇಕು. ಪೂರ್ತಿ ಕೆಂಪು ಬಾವುಟ ಹಾರುತ್ತಿದ್ದರೆ ಆವತ್ತು ಮರಳಿನಲ್ಲೇ ಆಟ. ಎರಡೂ ಬದಿ ಅಲೆ ನೊರೆಯೆಬ್ಬಿಸುತ್ತಾ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಸುಮ್ಮನೆ, ಸ್ವಲ್ಪ ಕಪ್ಪಗೆ ಕಂಡರೆ ಅಲ್ಲಿಗೆ ಹೋಗಬೇಡಿ. ಶಾಂತವಾಗಿದೆ ಅಂತ ಜನ ಅಲ್ಲೇ ಇಳಿಯುತ್ತಾರೆ. ದಡಕ್ಕೆ ಬಂದ ನೀರು ವಾಪಸ್ ಹರಿಯುವ ದಾರಿ ಅದು, ಒಳ್ಳೆ ಈಜುಗಾರನನ್ನೂ ಎಳೆದುಕೊಂಡು ಹೋಗುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ಹೋರಾಡಬಾರದು. ತೇಲುತ್ತಾ ಕೈ ಎತ್ತಿ ಕರೆಯಬೇಕು, ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಪಟ್ಟಿ ದಾಟಬೇಕು. ಗಾಳಿ ತುಂಬಿದ ಬಾತುಕೋಳಿ, ದೋಣಿ ಅಂತ ಪುಟ್ಟಿ ಹಟ ಮಾಡಿದರೂ ಕಡಲಿಗೆ ಬೇಡ. ನೆಲದ ಕಡೆಯಿಂದ ಗಾಳಿ ಬೀಸಿದರೆ ಅವು ನೋಡನೋಡುತ್ತಲೇ ಆಚೆ ಹೋಗುತ್ತವೆ.

ಸಾಮಾನಿನ ಪಟ್ಟಿ ನಿನ್ನ ಮನೆಯವರು ನನಗಿಂತ ಚೆನ್ನಾಗಿ ಮಾಡುತ್ತಾರೆ. ನಾನು ಸೇರಿಸುವುದು ಇಷ್ಟೇ: ಉದ್ದದ ಹಗ್ಗ, ಒಂದು ಹಿಡಿ ಕ್ಲಿಪ್ಪು. ತೇವದ ಗಾಳಿಯಲ್ಲಿ ಟವೆಲ್ ಒಣಗುವುದೇ ಇಲ್ಲ, ಹೋಟೆಲಿನಲ್ಲಿ ಒಂದೇ ಮೊಳೆ ಇರುತ್ತದೆ. ಮಡಚುವ ಕುರ್ಚಿ ಸಿಕ್ಕರೆ ಅಮ್ಮನಿಗೆ ಒಂದು, ಹತ್ತಿ ಬಟ್ಟೆ, ಅಗಲ ಅಂಚಿನ ಟೋಪಿ. ನೆರಳಲ್ಲಿ ಕೂತರೂ ಮರಳಿನಿಂದ ಬಿಸಿಲು ತಿರುಗಿ ಮುಖಕ್ಕೆ ಹೊಡೆಯುತ್ತದೆ.

ನಾಳೆಯೇ ಹೋಟೆಲಿಗೆ ಫೋನ್ ಮಾಡು. ಅವರು ಏನಂದರು, ಯಾವ ತಾರೀಖು ಖಾಲಿ ಇದೆಯಂತೆ ಅಂತ ನನಗೆ ತಿಳಿಸು. ಕ್ಯಾಲೆಂಡರ್ ಇಟ್ಟುಕೊಂಡು ಉಬ್ಬರದ ಹೊತ್ತು ನಾನೇ ನೋಡಿ ಹೇಳುತ್ತೇನೆ. ಮತ್ತೆ ಆ ಕೈಹಿಡಿಯ ಮಾತು ಕೇಳಲು ಮರೆಯಬೇಡ ಕಣೋ. ಅಮ್ಮನಿಗೆ ನನ್ನ ನಮಸ್ಕಾರ ಹೇಳು, ಪುಟ್ಟಿಗೆ ಮುದ್ದು.

ನಿನ್ನ ಗೆಳೆಯ