ಪೆಟ್ಟಿಗೆ ತೆರೆಯುವ ದೃಶ್ಯಕ್ಕೆ ಕತ್ತರಿ ಹಾಕಬೇಡ

ಗೆಳೆಯಾ,

ಸವಣೂರು ಕಡೆಯ ಆ ಊರು, ಧಾರವಾಡ, ಗದಗ ಮೂರೂ ಕಡೆ ನಿನ್ನ ಮೊಹರಂ ಸಿನಿಮಾ ತೋರಿಸಿದ್ದಾಯಿತು. ನಿನ್ನೆ ಫೋನಿನಲ್ಲಿ "ಜನ ಏನಂದ್ರು?" ಅಂತ ಕೇಳಿದೆಯಲ್ಲ, "ಚಲೋ ಐತಿ ಅಂದ್ರು" ಅಂತ ಹೇಳಿ ಮುಗಿಸಬಹುದಿತ್ತು. ಹಾಗಂದವರು ಬೇಕಾದಷ್ಟು ಜನ ಇದ್ದರು. ಆದರೆ ಆ ಮಾತು ಕಟ್ಟಿಕೊಂಡು ನೀನು ಏನು ಮಾಡುತ್ತೀಯ? ಅದಕ್ಕೇ ಬರೆಯಲು ಕೂತೆ. ಬೇರೆಯವರೂ ಓದಲಿ ಅಂತ ನೀನೇ ಹೇಳಿದ್ದರಿಂದ ಇಲ್ಲಿ ಹಾಕುತ್ತಿದ್ದೇನೆ.

ಮೊದಲು ಮುಖ್ಯ ವಿಷಯ. ಅಜ್ಜ ಪೆಟ್ಟಿಗೆ ತೆರೆಯುವ ದೃಶ್ಯ ಉದ್ದ ಆಯ್ತು, ಅರ್ಧ ಮಾಡ್ತೀನಿ ಅಂದಿದ್ದೆ. ಮಾಡಬೇಡ. ಕೈಮುಗಿದು ಕೇಳುತ್ತೇನೆ. ಕತ್ತರಿ ಹಾಕಲೇಬೇಕು ಅನ್ನಿಸಿದರೆ ಕೊನೆಗೆ ಕಟ್ಟೆಯ ಮೇಲೆ ಮಾಸ್ತರ ಭಾಷಣ ಮಾಡುತ್ತಾನಲ್ಲ, ಅದಕ್ಕೆ ಹಾಕು.

ಸಿನಿಮಾ ನೋಡದವರಿಗೆ ಕಥೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ರೋಣದ ಕಡೆಯ ಒಂದು ಹಳ್ಳಿ. ಅಲ್ಲಿ ಉಳಿದಿರುವುದು ಒಂದೇ ಮುಸ್ಲಿಂ ಮನೆ, ಆ ಮನೆಯಲ್ಲಿ ಮಸೂತಿ ನೋಡಿಕೊಳ್ಳುವ ಒಬ್ಬ ಮುಜಾವರ ಅಜ್ಜ. ಮೊಹರಂ ಬಂತು. ಅಜ್ಜನಿಗೆ ಮೈಯಲ್ಲಿ ಹುಷಾರಿಲ್ಲ. ಗೋವಾದಲ್ಲಿ ದುಡಿಯುವ ಮಗ, ಈ ಅಲಾಯಿ ದೇವರು, ಕೆಂಡ, ಕುಣಿತ ಯಾವುದೂ ಧರ್ಮದಲ್ಲಿಲ್ಲ, ಬಿಟ್ಟುಬಿಡು ಅನ್ನುತ್ತಾನೆ. ಪಕ್ಕದ ಮನೆಯ ಕುರುಬರ ಹುಡುಗ ಅಪ್ಪನ ಕಾಲದಿಂದ ಪಂಜಾ, ಅಂದರೆ ಕೈಯ ಆಕಾರದ ಆ ಅಲಾಯಿ ದೇವರನ್ನು, ಹೊರುವವನು, ಹೊಸಿಲಲ್ಲಿ ಬಂದು ಕೂತಿದ್ದಾನೆ. ದೇವರು ಈ ವರ್ಷ ಪೆಟ್ಟಿಗೆಯಿಂದ ಹೊರಗೆ ಬರುತ್ತದೋ ಇಲ್ಲವೋ, ಇಷ್ಟೇ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಸ್ಲಿಮರ ಮನೆ ಒಂದೂ ಇಲ್ಲದ ಊರುಗಳಲ್ಲೂ ಮೊಹರಂ ಆಗುತ್ತದೆ. ಮಸೂತಿಗೆ ಸುಣ್ಣ ಬಳಿಯುವವರೂ ಆ ಊರಿನ ಹಿಂದೂಗಳೇ, ಸಕ್ಕರೆ ಓದಿಸಿಕೊಂಡು ಬರುವವರೂ ಅವರೇ.

ಸವಣೂರು ಕಡೆಯ ಊರಿನಲ್ಲಿ ಶಾಲೆಯ ಗೋಡೆಗೆ ಪರದೆ ಕಟ್ಟಿದ್ದೆವು. ಜನ ಉಂಡು, ಕಂಬಳಿ ಹೊದ್ದು ಬಂದರು. ಅವರು ಸುಮ್ನೆ ನೋಡುವವರಲ್ಲ, ಪರದೆಯ ಜೊತೆ ಮಾತಾಡುವವರು. ಅಲಾಯಿ ಕುಣಿ, ಅಂದರೆ ಕೆಂಡದ ಗುಂಡಿ, ಕಂಡ ತಕ್ಷಣ ಒಬ್ಬ ಹಿರಿಯರು, "ಕುಣಿ ಬಾಜೂಕ ತಗದಾರ ನೋಡ್ರಿ, ಮಸೂತಿ ಬಾಗಲಕ್ಕ ಎದುರಿಗಿ ಬೇಕಲ್ಲ" ಅಂದರು. "ಅವ್ರ ಊರಾಗ ಹಂಗ ಇರಬೇಕು ಬಿಡೋ ಮಾರಾಯ" ಅಂತ ಇನ್ನೊಬ್ಬರು. ರಿವಾಯತ್, ಅಂದರೆ ಮೊಹರಂ ಪದ, ಹಾಡುವ ಒಬ್ಬರಿಗೆ ಬೇರೆಯೇ ತಕರಾರು. ಕರ್ಬಲದಲ್ಲಿ ತೀರಿಕೊಂಡ ಕಾಸಿಮನ ಮದುವೆಯ ಪದವನ್ನು ನೀನು ಕತ್ತಲ ರಾತ್ರಿಗೆ, ಅಂದರೆ ಹಬ್ಬದ ಕೊನೆಯ ದಿನದ ಹಿಂದಿನ ರಾತ್ರಿಗೆ, ಹಾಕಿದ್ದೀಯ, ಅದಕ್ಕೆ ಬೇರೆ ರಾತ್ರಿ ಇದೆ ಅಂತ. ಅವರು ಕೋಪದಲ್ಲಿ ಹೇಳಲಿಲ್ಲ. ತಮ್ಮ ಮನೆಯ ಕೆಲಸ ಯಾರೋ ಮಾಡುವಾಗ ಪಕ್ಕದಲ್ಲಿ ನಿಂತು ತಿದ್ದುವವರ ಧ್ವನಿ ಅದು. ಶಿಶುವಿನಹಾಳ ಅಲ್ಲಿಂದ ದೂರವಲ್ಲ. ಶರೀಫರು (1819–1889) ತತ್ವಪದಗಳ ಜೊತೆ ರಿವಾಯತ್ ಪದಗಳನ್ನೂ ಕಟ್ಟಿದವರು. ಆ ನೆಲದಲ್ಲಿ ಪದದ ಸರದಿ ತಪ್ಪಿದರೆ ಜನರಿಗೆ ಗೊತ್ತಾಗದೇ ಇರುತ್ತದೆಯೇ? ಅವರ ನಂಬರು ತಗೊಂಡಿದ್ದೇನೆ, ನೀನೇ ಮಾತಾಡು.

ರೈತರು ಇನ್ನೊಂದು ಹಿಡಿದರು. ನೀನು ರಜೆ ಸಿಕ್ಕಿತು ಅಂತ ಡಿಸೆಂಬರಿನಲ್ಲಿ ಶೂಟಿಂಗ್ ಮಾಡಿದೆ. ಹೊಲದಲ್ಲಿ ಹಿಂಗಾರಿ ಜೋಳ ಎದೆಮಟ್ಟ ನಿಂತಿದೆ. "ಈಗಿನ ಮೊಹರಮ್ಮಿಗೆ ಜ್ವಾಳ ಎಲ್ಲೈತಿ? ಬಿತ್ತಗಿ ಟೈಮಿಗೆ ಬರತೈತಲ್ಲ" ಅಂತ ಒಬ್ಬರು ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಇನ್ನೊಬ್ಬರು, "ಹಿಂದ ಜ್ವಾಳದಾಗೂ ಬಂದೈತಿ, ಮರ್ತೀರೇನು?" ಅಂದರು. ನಿಜವೇ. ಹಿಜರಿ ವರ್ಷಕ್ಕೆ 354 ದಿನ, ಹಾಗಾಗಿ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಹೋಗುತ್ತದೆ. 2010ರಲ್ಲಿ ಡಿಸೆಂಬರಿನಲ್ಲೇ ಬಂದಿತ್ತು. ನಿನ್ನ ಕಥೆಯನ್ನು 2010ಕ್ಕೆ ಇಟ್ಟುಬಿಡು, ಜೋಳ ಸರಿಹೋಗುತ್ತದೆ. ಮಗ ಫೋನ್ ಮಾಡುವುದೂ ಹೇಗೂ ಹಳೇ ಬಟನ್ ಫೋನಿಗೆ.

ಕರ್ಬಲದ ಪದ ಬರುವ ಕಡೆ ಏನಾಯಿತು ಅಂತ ಹೇಳಲೇಬೇಕು. ನದಿ ಪಕ್ಕದಲ್ಲೇ ಹರಿಯುತ್ತಿದ್ದರೂ ಪ್ರವಾದಿಯವರ ಮೊಮ್ಮಗ ಹುಸೇನರ ಡೇರೆಗಳಿಗೆ ನೀರು ಬಿಡಲಿಲ್ಲ, ಆರು ತಿಂಗಳ ಕೂಸು ಬಾಯಾರಿ ಒದ್ದಾಡಿತು ಅಂತ ನಿನ್ನ ಹಾಡುಗಾರ ಹಾಡುತ್ತಾನಲ್ಲ, ಅಲ್ಲಿ ಮುಂದಿನ ಸಾಲಿನ ಒಬ್ಬ ಅಜ್ಜಿ ಜೋರಾಗಿ, "ಯಾರರೇ ಒಂದ್ ಬೊಗಸಿ ನೀರ ಕೊಡ್ರೋ ಆ ಕೂಸಿಗೆ" ಅಂದರು. ಯಾರೂ ನಗಲಿಲ್ಲ. 680ನೇ ಇಸವಿಯಲ್ಲಿ ಇರಾಕಿನ ಮರಳಿನಲ್ಲಿ ನಡೆದದ್ದು ಅದು. ಆ ಅಜ್ಜಿಗೆ ಇಸವಿ ಗೊತ್ತಿರಲಿಕ್ಕಿಲ್ಲ. ಕೂಸಿನ ಬಾಯಾರಿಕೆ ಮಾತ್ರ ಆ ಹೊತ್ತಿನಲ್ಲಿ, ಆ ಶಾಲೆಯ ಅಂಗಳದಲ್ಲೇ ಇತ್ತು.

ಅದಾದ ಮೇಲೆ ಪೆಟ್ಟಿಗೆ. ಅಜ್ಜ ಮುಚ್ಚಳ ಎತ್ತುತ್ತಾನೆ, ಬಟ್ಟೆ ಒಂದೊಂದೇ ಬಿಚ್ಚುತ್ತಾನೆ, ಪಂಜಾ ತೊಳೆಯುತ್ತಾನೆ, ಒರೆಸುತ್ತಾನೆ, ಮತ್ತೆ ತೊಳೆಯುತ್ತಾನೆ. ಅಲ್ಲಿಯವರೆಗೆ ಮಾತಾಡುತ್ತಿದ್ದ ಜನ ಬಾಯಿ ಕಟ್ಟಿ ಕೂತರು. ಒಬ್ಬೊಬ್ಬರಾಗಿ ಕೈ ಜೋಡಿಸಿದರು. ಮುಗಿದ ಮೇಲೆ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಪಂಜಾ ಖರೇದೇನ್ರಿ?" ಅಂತ ಮೆಲ್ಲಗೆ ಕೇಳಿದರು. ಅಲ್ಲ, ಹುಬ್ಬಳ್ಳಿಯಲ್ಲಿ ತಗಡಿನಿಂದ ಮಾಡಿಸಿದ್ದು ಅಂದೆ. ಅವರ ಮುಖ ಸಡಿಲವಾಯಿತು. "ಚಲೋ ಆತು. ಹಬ್ಬ ಇಲ್ದಾಗ ದೇವ್ರನ್ನ ಎಬ್ಬಿಸಬಾರದು." ತಗಡು ಅಂತ ಗೊತ್ತಾದ ಮೇಲೂ, ಕೈಮುಗಿದೆನಲ್ಲ ಅಂತ ಅವರಿಗೆ ಬೇಜಾರಾಗಲಿಲ್ಲ. ಅದರ ಬಗ್ಗೆ ನಾನು ಬಹಳ ಯೋಚಿಸಿದೆ. ನಿನ್ನ ಅಜ್ಜ ಆ ತಗಡನ್ನು ನಂಬಿ ತೊಳೆದ. ಕೈಗಳು ಸುಳ್ಳು ಹೇಳಲಿಲ್ಲ. ಜನ ಮುಗಿದದ್ದು ಅದಕ್ಕೆ ಅಂತ ನನಗೆ ಅನ್ನಿಸುತ್ತದೆ.

ಮಾಸ್ತರ ಕಟ್ಟೆ ಹತ್ತಿ "ಎಲ್ಲ ಧರ್ಮಗಳೂ ಒಂದೇ" ಅಂತ ಶುರು ಮಾಡಿದ ಕೂಡಲೇ ಅದೇ ಜನ ಕಂಬಳಿ ಕೊಡವಿ ಏಳತೊಡಗಿದರು. ಒಬ್ಬ ಹೆಣ್ಣುಮಗಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಅಜ್ಜ ಎಲ್ಲಾ ಹೇಳಿ ಮುಗಿಸ್ಯಾನ. ಮತ್ತ ಈ ಮಾಸ್ತರಂದು ಏನು?"

ಧಾರವಾಡದಲ್ಲಿ ಇದು ಪೂರ್ತಿ ಉಲ್ಟಾ. ಭಾಷಣಕ್ಕೆ ಚಪ್ಪಾಳೆ ಬಿತ್ತು. ಪೆಟ್ಟಿಗೆಯ ದೃಶ್ಯದಲ್ಲಿ ಅಲ್ಲೊಂದು ಇಲ್ಲೊಂದು ಫೋನ್ ಬೆಳಗಿತು. ಆಮೇಲೆ ಸಂವಾದದಲ್ಲಿ "ಇಂದಿನ ಕಾಲಕ್ಕೆ ಬೇಕಾದ ಸಂದೇಶ" ಅಂತ ಎಷ್ಟೋ ಜನ ಹೇಳಿದರು. ಅವರ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನ ಇಲ್ಲ. ಈ ದಿನಗಳಲ್ಲಿ ಅಂಥ ಮಾತು ಕೇಳಿದರೆ ಯಾರಿಗಾದರೂ ಸಮಾಧಾನ ಆಗುತ್ತದೆ. ಆದರೆ ಅವರು ಚಪ್ಪಾಳೆ ತಟ್ಟಿದ್ದು ತಮಗೆ ಮೊದಲೇ ಗೊತ್ತಿದ್ದ ಮಾತಿಗೆ. ಇನ್ನು ಕೆಲವರು "ಇಷ್ಟು ಕಡಿಮೆ ದುಡ್ಡಿನಲ್ಲಿ ಇಷ್ಟು ಮಾಡಿದ್ದಾರಲ್ಲ" ಅಂತ ಹೊಗಳಿದರು. ಈ ಹೊಗಳಿಕೆ ನನಗೆ ಸೇರಲಿಲ್ಲ. ನೀನು ಸಾಲ ಮಾಡಿದ್ದು, ಊರಿನವರೇ ಪಾತ್ರ ಮಾಡಿದ್ದು, ಕ್ಯಾಮೆರಾ ಬೇಡಿ ತಂದದ್ದು ನಿಜ. ಅದು ನೋಡುವವರು ತೋರಿಸಬೇಕಾದ ದಯೆಗೆ ಕಾರಣ ಅಲ್ಲ. ಸವಣೂರು ಕಡೆ ಒಬ್ಬರೂ ಖರ್ಚು ಎಷ್ಟಾಯಿತು ಅಂತ ಕೇಳಲಿಲ್ಲ, ಕುಣಿ ಎಲ್ಲಿ ತೆಗೆದಿದ್ದಾರೆ ಅಂತ ಕೇಳಿದರು. ಅದು ನಿನಗೆ ಕೊಟ್ಟ ದೊಡ್ಡ ಮರ್ಯಾದೆ.

ಧಾರವಾಡದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಮಾತ್ರ ಬೇರೆ ಮಾತಾಡಿದರು. ಅವರು ಅನಂತಮೂರ್ತಿಯವರ 'ಸಂಸ್ಕಾರ' ನೆನಪಿಸಿದರು. ಕಾದಂಬರಿ 1965ರಲ್ಲಿ ಇದೇ ಊರಿನ ಮನೋಹರ ಗ್ರಂಥಮಾಲೆಯಿಂದ ಬಂದದ್ದು. 1970ರ ಸಿನಿಮಾವನ್ನು ಮದ್ರಾಸಿನ ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ಅದಕ್ಕೇ ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ಚಿತ್ರದ ಪ್ರಶಸ್ತಿ ಬಂತು. ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಸಂಸ್ಕಾರ ಮಾಡುವವರು ಯಾರು? ಅಲ್ಲಿನ ಪಂಡಿತ ಪ್ರಾಣೇಶಾಚಾರ್ಯರು ಗ್ರಂಥ ತಿರುವಿ ಹಾಕುತ್ತಾರೆ, ಉತ್ತರ ಸಿಗುವುದಿಲ್ಲ. "ಅಲ್ಲಿ ಒಬ್ಬ ಮಾಸ್ತರ ಬಂದು ಉತ್ತರ ಹೇಳಿದ್ದರೆ ನಾವು ಐವತ್ತು ವರ್ಷ ಅದರ ಬಗ್ಗೆ ಜಗಳ ಆಡುತ್ತಿದ್ದೆವಾ?" ಅಂತ ಕೇಳಿದರು. ಸಭೆಯಲ್ಲಿ ಯಾರೂ ಮುಂದುವರಿಸಲಿಲ್ಲ. ಸವಣೂರಿನ ಕಡೆಯ ಹೆಣ್ಣುಮಗಳೂ ಈ ಮೇಷ್ಟ್ರೂ ಹೇಳಿದ್ದು ಒಂದನ್ನೇ ಅಲ್ವಾ?

ಗದಗಿನಲ್ಲಿ ಜನ ಕಡಿಮೆ ಇದ್ದರು. ಅರ್ಧಕ್ಕೇ ಒಬ್ಬರು ಎದ್ದು, "ನಮ್ಮ ದೇವರ ಮೇಲೆ ಯಾಕೆ ಸಿನಿಮಾ ಮಾಡುವುದಿಲ್ಲ?" ಅಂತ ಕೇಳಿ ಹೊರಟುಹೋದರು. ಅವರ ಜೊತೆ ಮಾತಾಡಬೇಕು ಅಂತ ಬಾಗಿಲವರೆಗೆ ಹೋದೆ, ಅವರು ನಿಲ್ಲಲಿಲ್ಲ. ಇದನ್ನು ನಿನ್ನಿಂದ ಮುಚ್ಚಿಡುವುದು ಬೇಡ.

ಮುಖ್ಯವಾದದ್ದು ಆಮೇಲೆ ನಡೆಯಿತು. ಮೊಬೈಲ್ ರಿಪೇರಿ ಮಾಡುವ ಒಬ್ಬ ಮುಸ್ಲಿಂ ಹುಡುಗ ಕೊನೆವರೆಗೆ ಕೂತಿದ್ದ. ಬಹಳ ಗೌರವದಿಂದ, ಆದರೆ ನೇರವಾಗಿ ಹೇಳಿದ. ಇದು ದೀನ್ (ಧರ್ಮ) ಅಲ್ಲ. ಕರ್ಬಲ ನಮಗೆ ದುಃಖದ ನೆನಪು. ಆ ದಿನ ಉಪವಾಸ ಮಾಡುತ್ತೇವೆ. ಹುಲಿ ವೇಷ ಹಾಕಿ ಕುಣಿಯುವುದು ನೋಡಿದರೆ ನನಗೆ ಸಂಕಟ ಆಗುತ್ತದೆ ಅಂತ. ಅವನ ಅಜ್ಜಿ ಮೊಹರಂ ಬಂದರೆ ಅವನ ಕೈಗೆ ಲಾಡಿ, ಅಂದರೆ ಹಬ್ಬದ ದಾರ, ಕಟ್ಟುತ್ತಿದ್ದರಂತೆ. ಅವನು ದೊಡ್ಡವನಾದ ಮೇಲೆ ಬೇಡ ಅಂದ. ಅಜ್ಜಿ ಮತ್ತೆ ಕಟ್ಟಲಿಲ್ಲ, ಬೈಯಲೂ ಇಲ್ಲ. "ನಿಮ್ಮ ಸಿನಿಮಾದಾಗ ಗೋವಾದ ಮಗ ಬರೀ ಫೋನಿನಾಗ ಅದಾನ್ರಿ. ಅವಂಗ ಮುಖಾನೇ ಇಲ್ಲ. ಅವನೂ ಅಪ್ಪನ್ನ ಪ್ರೀತಿ ಮಾಡ್ತಾನ, ದೇವ್ರಿಗೆ ಅಂಜತಾನ. ಅವನ ಮಾತು ತಪ್ಪು ಅಂತ ನೀವು ಮೊದಲ ಠರಾಯಿಸೀರಿ."

ಗೆಳೆಯಾ, ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಅಜ್ಜನ ಭಕ್ತಿಯನ್ನು ನೀನು ಅಷ್ಟು ಹತ್ತಿರದಿಂದ ನೋಡಿದ್ದೀಯ. ಮಗನದೂ ಭಕ್ತಿಯೇ. ಅವನು ಬಿಡು ಅನ್ನುವುದು ಸೋಮಾರಿತನದಿಂದ ಅಲ್ಲ, ತನ್ನ ಅಪ್ಪ ದೇವರ ಮುಂದೆ ತಪ್ಪಿತಸ್ಥ ಆಗಬಾರದು ಅನ್ನುವ ಕಾಳಜಿಯಿಂದ. ಅವನು ಬಸ್ಸಿಳಿದು ಊರಿಗೆ ಬರಲಿ. ಅಪ್ಪ ಪಂಜಾ ತೊಳೆಯುವುದನ್ನು ಬಾಗಿಲಲ್ಲಿ ನಿಂತು ನೋಡಲಿ. ಒಪ್ಪದೇ ಇರಲಿ. ಕುರುಬರ ಹುಡುಗನಿಗೂ ಅವನಿಗೂ ಮಾತಾಗಲಿ, ಜಗಳವೇ ಆಗಲಿ. ಭಾಷಣ ತೆಗೆದ ಜಾಗ ಖಾಲಿ ಇರುತ್ತದಲ್ಲ, ಅಲ್ಲಿ ಇವರಿಬ್ಬರು ಬೇಕು.

ಇನ್ನೊಂದು ಹೇಳಿ ಮುಗಿಸುತ್ತೇನೆ. ಗದಗಿನಲ್ಲಿ ಹಾರ್ಮೋನಿಯಂ ನುಡಿಸುವ ಒಬ್ಬ ಅಂಧ ಹಿರಿಯರು ಬಂದಿದ್ದರು, ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಕಾಲದಲ್ಲಿ ಕಲಿತವರು. ಪೆಟ್ಟಿಗೆಯ ದೃಶ್ಯಕ್ಕೆ ಹಿನ್ನೆಲೆ ಸಂಗೀತ ಹಾಕಬೇಕು, ಇಲ್ಲದಿದ್ದರೆ ಬೋರ್ ಆಗುತ್ತದೆ ಅಂತ ನಿನಗೆ ಯಾರೋ ಹೇಳಿದ್ದಾರಲ್ಲ, ಅದಕ್ಕೆ ಇವರನ್ನೇ ಕೇಳಿದೆ. ಅವರು ಆ ದೃಶ್ಯವನ್ನು ನನಗೇ ಬಿಡಿಸಿ ಹೇಳಿದರು. ಕೀಲಿಗೆ ಎಣ್ಣೆ ಕಾಣಿಸಿಲ್ಲ. ಪೆಟ್ಟಿಗೆ ತಗಡಿನದಲ್ಲ, ಮರದ್ದು. ನೀರು ಹಿತ್ತಾಳೆ ತಂಬಿಗೆಯಿಂದ ಬೀಳುತ್ತದೆ, ಎರಡನೇ ಸಲ ಎತ್ತರದಿಂದ. ಅಜ್ಜನಿಗೆ ಉಸಿರಾಟದ ತೊಂದರೆ ಇದೆ, ಬಗ್ಗಿದಾಗ ಗೊತ್ತಾಗುತ್ತದೆ. "ಇದರ ಮ್ಯಾಲೆ ಪೇಟಿ ಬಾರಿಸಿದ್ರ ನಾ ಏನ್ ಕೇಳ್ಲಿ?" ಅಂದರು. ಫೋನಿನಲ್ಲಿ ಹಿಡಿದ ಧ್ವನಿ ಅಂತ ನಿನಗೆ ಎಷ್ಟು ಚಿಂತೆ ಇತ್ತು. ಅವರ ಮಾತು ಕೇಳಿದ ಮೇಲೆ ನನಗಂತೂ ಆ ಚಿಂತೆ ಹೋಯಿತು.

ಸೆನ್ಸಾರಿಗೆ ಕಳಿಸುವ ಮೊದಲೇ ಇಷ್ಟು ಮಾಡಿ ಮುಗಿಸು. ಸರ್ಟಿಫಿಕೇಟ್ ಬಂದ ಮೇಲೆ ತೆಗೆದರೂ ಸೇರಿಸಿದರೂ ಮತ್ತೆ ಮಂಡಳಿಯ ಮುಂದೆ ಹೋಗಬೇಕು, ಆ ಓಡಾಟಕ್ಕೆ ನಿನ್ನ ಹತ್ತಿರ ದುಡ್ಡೂ ಇಲ್ಲ, ರಜೆಯೂ ಇಲ್ಲ. ಆರಂಭದಲ್ಲಿ ಮೊಹರಂ ಅಂದರೆ ಏನು ಅಂತ ವಿವರಿಸುವ ಧ್ವನಿ ಹಾಕು ಅಂತ ಧಾರವಾಡದಲ್ಲಿ ಕೆಲವರು ಸಲಹೆ ಕೊಟ್ಟರು. ಬೇಡ. ಗೊತ್ತಿಲ್ಲದವರು ಅಜ್ಜನ ಕೈ ನೋಡಿ ತಿಳಿದುಕೊಳ್ಳುತ್ತಾರೆ.

ಗದಗಿನ ಹುಡುಗ ನಿನ್ನ ಜೊತೆ ಕೂತು ಮಗನ ಮಾತುಗಳನ್ನು ನೋಡಿಕೊಡಲು ಒಪ್ಪಿದ್ದಾನೆ. ಪಾತ್ರ ಮಾಡುತ್ತೀಯಾ ಅಂದದ್ದಕ್ಕೆ ಮಾತ್ರ ಇಲ್ಲ ಅಂದ, ಒತ್ತಾಯ ಮಾಡಬೇಡ. ಶುಕ್ರವಾರ ನಮಾಜು ಮುಗಿಸಿದ ಮೇಲೆ ಅವನಿಗೆ ಬಿಡುವು. ಗುರುವಾರ ರಾತ್ರಿ ರೈಲು ಹತ್ತು, ಹಾರ್ಡ್ ಡಿಸ್ಕ್ ತಗೊಂಡು ಬಾ. ಸ್ಟೇಷನ್ನಿಗೆ ನಾನೇ ಬರುತ್ತೇನೆ.

ನಿನ್ನ ಗೆಳೆಯ