ಗೆಳೆಯನಿಗೊಂದು ಪತ್ರ: ಗುಂಪಿನೊಳಗೆ ಯಾರಿದ್ದರು?

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು "ಜನ ಅಂದ್ರೆ ಕುರಿಮಂದೆ ಕಣೋ" ಅಂದೆಯಲ್ಲ, ಆಗ ಸುಮ್ಮನಾಗಿಬಿಟ್ಟೆ. ಹೇಳುವುದು ಜಾಸ್ತಿ ಇತ್ತು. ಎಲ್ಲರೂ ಓದುವ ಕಡೆಯೇ ಬರೆಯುತ್ತಿದ್ದೇನೆ, ಯಾಕೆಂದರೆ ಇದು ನೀನೊಬ್ಬನೇ ಆಡುವ ಮಾತಲ್ಲ.

1789ರ ಜುಲೈ 14 ತಗೋ. ಫ್ರೆಂಚ್ ಕ್ರಾಂತಿಯಲ್ಲಿ ಪ್ಯಾರಿಸ್‌ನ ಜನ ಬ್ಯಾಸ್ಟಿಲ್ ಸೆರೆಮನೆಗೆ ನುಗ್ಗಿದ ದಿನ. ಗಣರಾಜ್ಯದ ಕನಸಿದ್ದ ಇತಿಹಾಸಕಾರ ಮಿಶೆಲೆಗೆ ಅಲ್ಲಿ ಕಂಡದ್ದು ಇಡೀ ಜನತೆ, ಒಂದೇ ಜೀವದ ಹಾಗೆ. 1870ರ ದಶಕದಲ್ಲಿ ಇನ್ನೊಬ್ಬ ಇತಿಹಾಸಕಾರ ತೇನ್ ಬರೆಯುವ ಹೊತ್ತಿಗೆ ಅಂಥದ್ದೇ ಜನ ಪುಂಡರಾಗಿದ್ದರು, ಅಲೆಮಾರಿಗಳಾಗಿದ್ದರು. ನಡುವೆ 1871ರ ಪ್ಯಾರಿಸ್ ಕಮ್ಯೂನ್, ಅಂದರೆ ಜನ ದಂಗೆಯೆದ್ದು ಊರಿನ ಆಡಳಿತವನ್ನೇ ಹಿಡಿದದ್ದು, ಬಂದು ಹೋಗಿತ್ತು ನೋಡು. ಆ ಮೇ ತಿಂಗಳ ಕೊನೆಯ ವಾರ ಸರ್ಕಾರದ ಸೈನ್ಯ ಸಾವಿರಾರು ಜನರನ್ನು ಕೊಂದಿತು. ಪತ್ರಿಕೆಗಳು ಮಾತ್ರ ಎಣ್ಣೆ ಡಬ್ಬ ಹಿಡಿದು ಊರು ಸುಡುವ ಹೆಂಗಸರ ಚಿತ್ರ ಅಚ್ಚು ಹಾಕಿದವು. ಆ ಹೆಂಗಸರ ಪಡೆ ಬಹುಪಾಲು ಕಟ್ಟುಕತೆ.

ಮಿಶೆಲೆ ಪೂಜಿಸಿದ, ತೇನ್ ಹೆದರಿದ. ಯಾರು ಬಂದಿದ್ದರು ಅಂತ ಹುಡುಕಿದವನು ಆಮೇಲಿನ ಇತಿಹಾಸಕಾರ ಜಾರ್ಜ್ ರೂಡೆ. ಬ್ಯಾಸ್ಟಿಲ್ ಗೆದ್ದವರದ್ದೊಂದು ಪಟ್ಟಿ ಉಳಿದಿತ್ತು, 600ಕ್ಕೂ ಹೆಚ್ಚು ಹೆಸರು. ಬಡಗಿಗಳು, ಬೀಗ ಮಾಡುವವರು, ಚಮ್ಮಾರರು, ಸಣ್ಣ ಅಂಗಡಿಯವರು. ಹೆಚ್ಚಿನವರು ಸೇಂಟ್ ಆಂಟ್ವಾನ್ ಎಂಬ ಒಂದೇ ಬಡಾವಣೆಯವರು. ಕೈಕಸುಬು ಇದ್ದವರು, ಸೂರು ಇದ್ದವರು. ಅದನ್ನು ಓದಿ ನನಗೆ ಎಷ್ಟು ಸಂತೋಷವಾಯಿತು ಗೊತ್ತಾ? ಕುರಿಮಂದೆಗೆ ಇಂಥ ಪಟ್ಟಿ ಇರೋದಿಲ್ಲ.

ನಿನ್ನ ಕುರಿಮಂದೆ ಮಾತಿನ ನಿಜವಾದ ಯಜಮಾನ ಫ್ರಾನ್ಸಿನ ಲೇಖಕ ಗುಸ್ತಾವ್ ಲೆ ಬಾನ್. 1895ರಲ್ಲಿ ಗುಂಪಿನ ಮನಸ್ಸಿನ ಬಗ್ಗೆ ಪುಸ್ತಕ ಬರೆದ. ಗುಂಪಿಗೆ ಸೇರಿದರೆ ಎಂಥ ಬುದ್ಧಿವಂತನಿಗೂ ಬುದ್ಧಿ ಹೋಗುತ್ತದೆ, ಚಿತ್ರ ತೋರಿಸು, ಅದನ್ನೇ ಮತ್ತೆ ಮತ್ತೆ ಹೇಳು, ಹಿಂದೆ ಬರುತ್ತಾರೆ ಅಂದ. ಜನರಿಗೆ ಹೆದರಿ ಬರೆದ ಪುಸ್ತಕ ಅದು. ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಅದನ್ನು ಮೆಚ್ಚಿ ಓದಿದ. ಹೆದರಿದವನ ಪುಸ್ತಕ ಆಳುವವನ ಕೈಪಿಡಿಯಾಯಿತು.

ಜರ್ಮನಿಯ ನ್ಯೂರೆಂಬರ್ಗ್ ಊರಿನಲ್ಲಿ ಸೇರಿದ ಗುಂಪು ಬೇರೆಯೇ. 1930ರ ದಶಕದ ನಾಜಿ ಸಮಾವೇಶಗಳಲ್ಲಿ ವಾಸ್ತುಶಿಲ್ಪಿ ಸ್ಪೇರ್ ನೂರಕ್ಕೂ ಹೆಚ್ಚು ಸರ್ಚ್‌ಲೈಟ್‌ಗಳನ್ನು ಆಕಾಶಕ್ಕೆ ಹಾಯಿಸಿದ. ಪಕ್ಷದ ಪದಾಧಿಕಾರಿಗಳಿಗೆ ಹೊಟ್ಟೆ ಬಂದಿತ್ತು, ಸಾಲು ನೆಟ್ಟಗಿರುತ್ತಿರಲಿಲ್ಲ, ಅದಕ್ಕೇ ಕತ್ತಲಲ್ಲಿ ಮೆರವಣಿಗೆ ಮಾಡಿಸಿದೆ ಅಂತ ಆತನೇ ಬರೆದುಕೊಂಡಿದ್ದಾನೆ. ಮನುಷ್ಯರು ಕಾಣಬಾರದು, ಜನಸಾಗರ ಕಾಣಬೇಕು.

ಇಲ್ಲಿಗೇ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆಗುತ್ತಿಲ್ಲ. ಆ ಸಮಾವೇಶದ ಹಳೆಯ ಫಿಲ್ಮ್ ನೋಡುವಾಗ ನನಗೆ ಮೈ ಜುಮ್ಮೆಂದಿತು ಕಣೋ. ಮುಂದೆ ಏನಾಯಿತು ಅಂತೆಲ್ಲ ಗೊತ್ತಿದ್ದೂ, ಒಂದು ಕ್ಷಣ, ಆ ಸಾಲಿನಲ್ಲಿ ನನಗೂ ಒಂದು ಜಾಗ ಇದ್ದಿದ್ದರೆ ಅನ್ನಿಸಿತು. ಅಪ್ಪ ಹೋದ ಮೇಲೆ ಕೆಲಸ ಮುಗಿಸಿ ಬಂದು ಬಾಗಿಲು ಹಾಕಿದರೆ ಮಾರನೇ ದಿನದವರೆಗೆ ಯಾರ ಜೊತೆಗೂ ಮಾತಿಲ್ಲ. ನಿನಗೂ ಹೇಳಿರಲಿಲ್ಲ. ಲೆ ಬಾನ್ ದಡ್ಡರ ಲೆಕ್ಕ ಹಾಕಿದ, ಒಂಟಿಯಾದವರ ಲೆಕ್ಕ ಹಾಕಲಿಲ್ಲ. ಬ್ಯಾಸ್ಟಿಲ್‌ಗೆ ಹೋದ ಬಡಗಿಗೆ ಪಕ್ಕದಲ್ಲಿ ನಡೆಯುವವನ ಹೆಸರು ಗೊತ್ತಿತ್ತು ಅನ್ನಿಸುತ್ತದೆ ನನಗೆ, ಒಂದೇ ಬಡಾವಣೆಯವರಲ್ವಾ. ಆ ದೀಪಗಳ ಕೆಳಗೆ ಹೆಸರು ಯಾರಿಗೂ ಬೇಕಿರಲಿಲ್ಲ. ಹೆಸರು ಬೇಡ ಅನ್ನೋದೇ ನನ್ನನ್ನು ಎಳೆಯಿತು, ಅದಕ್ಕೇ ಭಯ.

ಸರಿ, ಸಾಕು. ಗಾಬರಿಯಾಗಿ ಈಗಲೇ ಫೋನ್ ಮಾಡಬೇಡ, ಚೆನ್ನಾಗಿದ್ದೇನೆ. ಭಾನುವಾರ ಬಂದುಬಿಡು, ಗೊಜ್ಜವಲಕ್ಕಿ ಮಾಡುತ್ತೇನೆ, ಕುರಿಮಂದೆ ವಿಷಯ ಪೂರ್ತಿ ಜಗಳ ಆಡೋಣ.

ನಿನ್ನವನೇ